ಇಷ್ರತಳ ಪಾಲಿನ ಮಾತು

ರೋಣದ ಬಜಾರದ ಹಿಂದಿನ ಓಣಿಯಲ್ಲಿ ಗಾದಿ ಅಂಗಡಿ ಇಟ್ಟಿದ್ದ ಪಿಂಜಾರ ಇಸ್ಮಾಯಿಲಸಾಬ ಮಾತಿನ ಮನುಷ್ಯ. ಹತ್ತಿ ಹಿಂಜುವ ಮಶೀನು ಗರಗರ ತಿರುಗುತ್ತಿದ್ದರೂ ಅದರ ಮೇಲೆ ದನಿ ಏರಿಸಿ ಮಾತಾಡುತ್ತಿದ್ದ. ತಲೆದಿಂಬು ಕೊಳ್ಳಲು ಬಂದವರು ಅವನ ಮಾತು ಕೇಳುತ್ತ ಕೇಳುತ್ತ ಗಾದಿಗೂ ಅಳತೆ ಕೊಟ್ಟು ಹೋಗುತ್ತಿದ್ದರು. ಕರೆಂಟು ಹೋಗಿ ಮಶೀನು ನಿಂತಾಗ ಓಣಿ ತಣ್ಣಗಾಗಬೇಕು, ಆದರೆ ಆಗುತ್ತಿರಲಿಲ್ಲ.

ಅವನಿಗೂ ಹಸನಬಿಗೂ ಇದ್ದವಳು ಒಬ್ಬಳೇ ಮಗಳು, ಇಷ್ರತ. ಅವಳು ಮಾತು ಕಲಿತದ್ದು ತಡವಾಗಿ. ಕಲಿತ ಮೇಲೆ ತೊದಲಲಿಲ್ಲ, ತಪ್ಪಾಡಲಿಲ್ಲ. ರೋಣದಿಂದ ಗದಗಿನವರೆಗೆ ಬಸ್ಸು ನಿಲ್ಲುವ ಊರುಗಳ ಹೆಸರನ್ನು ಸರದಿ ತಪ್ಪದೆ ಹೇಳುತ್ತಿದ್ದಳು. ತೊಂದರೆ ಬಂದದ್ದು ಮನುಷ್ಯರ ಜೊತೆ. ಎದುರು ಮನೆಯವರು ಹಾದು ಹೋಗುವಾಗ "ಊಟಾ ಆತೇನವಾ?" ಅಂದರೆ, ಉಳಿದವರಂತೆ "ಆತ್ರಿ" ಅಂದು ಬಿಡುತ್ತಿರಲಿಲ್ಲ. ನಿಂತು ಯೋಚನೆ ಮಾಡಿ, ತಿಂದದ್ದು ಏನು, ಉಳಿದದ್ದು ಏನು, ಪಲ್ಯಕ್ಕೆ ಉಪ್ಪು ಕಡಿಮೆ ಬಿದ್ದದ್ದು ಯಾಕೆ ಎಂದು ಹೇಳಲು ಶುರು ಮಾಡುವಷ್ಟರಲ್ಲಿ ಅವರು ಓಣಿ ದಾಟಿರುತ್ತಿದ್ದರು. ಮನೆಗೆ ಬಂದವರು ಎದ್ದು ಹೊರಡುವಾಗ "ಬರ್ತೀನ್ರಿ" ಅನ್ನುತ್ತಾರಲ್ಲ, ಚಿಕ್ಕವಳಿದ್ದಾಗ ಇಷ್ರತ ಅದನ್ನು ನಂಬಿ ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದಳು. ಸಂಜೆ ಹಸನಬಿ ಕೈ ಹಿಡಿದು ಒಳಗೆ ಎಳೆದರೆ, "ಅವ್ರು ಬರ್ತೀನಿ ಅಂದಾರ" ಅನ್ನುತ್ತಿದ್ದಳು.

ಸಾಲಿಯಲ್ಲಿ ಕೆಲವರು ಅವಳನ್ನು ಮೂಗಿ ಅಂದರು. ಅವಳ ಉತ್ತರ ಕೇಳಿಸಿಕೊಂಡಿದ್ದ ಕೆಲವರು ಸೊಕ್ಕಿನಾಕಿ ಅಂದರು. ಒಮ್ಮೆ ಲೆಕ್ಕದ ಮಾಸ್ತರು ಸಿಟ್ಟಿಗೆದ್ದು "ನಿನ್ನ ತಲಿಯೊಳಗ ಏನೈತಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹಲಗೆಯ ಕಡೆ ತಿರುಗಿದ್ದರು. ಅವರು ಇನ್ನೊಂದು ಲೆಕ್ಕ ಅರ್ಧ ಬರೆದಾಗ ಹಿಂದಿನಿಂದ "ಮೆದುಳ್ರಿ" ಎಂದು ದನಿ ಬಂತು. ಇಸ್ಮಾಯಿಲಸಾಬ ಸಾಲಿಗೆ ಹೋಗಿ ಕ್ಷಮೆ ಕೇಳಿಕೊಂಡು ಬಂದ. ಹಸನಬಿ ದರ್ಗಾಕ್ಕೆ ಕರೆದುಕೊಂಡು ಹೋಗಿ ತಾಯತ ಕಟ್ಟಿಸಿದಳು. ತಾಯತ ಕಟ್ಟುವಾಗ ದರ್ಗಾದ ಮುಜಾವರರು "ಇನ್ನ ಮ್ಯಾಲ ಎಲ್ಲಾ ಚಲೋ ಆಗ್ತೈತಿ" ಅಂದರು. ಇಷ್ರತ "ಯಾವಾಗ್ರಿ?" ಎಂದು ಕೇಳಿದಳು.

ಇಸ್ಮಾಯಿಲಸಾಬ ಇದಕ್ಕೆಲ್ಲ ಒಂದು ಉಪಾಯ ಕಂಡುಕೊಂಡಿದ್ದ. ಮಗಳನ್ನು ಯಾರು ಏನೇ ಕೇಳಲಿ, ಅವಳ ಪರವಾಗಿ ತಾನೇ ಉತ್ತರ ಕೊಡುವುದು. "ಅಕಿ ಅನ್ನೂದು ಏನಂದ್ರ," ಎಂದು ಶುರು ಮಾಡಿದರೆ ಮುಗಿಯಿತು. ಅವಳು ಏನೂ ಅಂದಿರುತ್ತಿರಲಿಲ್ಲ. ಕೇಳಿದವರಿಗೂ ಉತ್ತರ ಸಿಕ್ಕರೆ ಸಾಕಾಗಿತ್ತು, ಯಾರ ಬಾಯಿಂದ ಬಂತು ಎಂಬುದು ಬೇಕಾಗಿರಲಿಲ್ಲ. ಹೀಗೆ ಮಗಳಿಗೆ ಹದಿನಾಲ್ಕಾಯಿತು.

ಆ ವರ್ಷ ಕೊಣ್ಣೂರಿನಿಂದ ಮಾಯವ್ವ ಎಂಬ ಹೆಂಗಸು ಮಗಳ ಮದುವೆಗೆ ಗಾದಿ ಮಾಡಿಸಲು ಬಂದಳು. ಮನೆ ತುಂಬ ಜನ, ದನ, ಉಳ್ಳಾಗಡ್ಡಿ ಹೊಲ ಇದ್ದ ದೊಡ್ಡ ದನಿಯ ಹೆಂಗಸು. ಗಾದಿಯ ಬಟ್ಟೆ ಆರಿಸುವಾಗ ಇಷ್ರತ ಹಸಿರು ಥಾನಿನ ಮೇಲೆ ಬೆರಳಿಟ್ಟಿದ್ದನ್ನು ನೋಡಿ ಅದನ್ನೇ ಆರಿಸಿದಳು. ಹೊರಡುವಾಗ ಎಲ್ಲರೂ ಅನ್ನುವಂತೆ ಅಂದಳು: "ಒಮ್ಮಿ ನಮ್ಮೂರಿಗೆ ಬಾರವಾ. ಸೋಮವಾರ ನಾವು ಹೊಲಕ್ಕ ಹೋಗೂದಿಲ್ಲ, ಮನ್ಯಾಗ ಇರ್ತೀನಿ."

ಸೋಮವಾರ ಬೆಳಗ್ಗೆ ಇಷ್ರತ ಸಾಲಿಗೆಂದು ಹೋದವಳು ಸಾಲಿಯಲ್ಲಿರಲಿಲ್ಲ. ಮಧ್ಯಾಹ್ನ ಗೊತ್ತಾಯಿತು. ಹಸನಬಿ ಬಾವಿಗಳ ಕಡೆ ಹೋದಳು. ಇಸ್ಮಾಯಿಲಸಾಬ ಬಸ್‌ಸ್ಟ್ಯಾಂಡಿಗೆ ಓಡಿದ. ಕಂಡ ಕಂಡವರ ಎದುರು ನಿಂತು, ಮಗಳು ಎಂಥವಳು, ಏನು ಉಟ್ಟಿದ್ದಳು ಎಂದು ಹೇಳಬೇಕೆಂದರೆ, ಜೀವಮಾನದಲ್ಲಿ ಮೊದಲ ಸಲ ಅವನಿಗೆ ಮಾತು ಹೊರಡಲಿಲ್ಲ. ಕಂಟ್ರೋಲರು ಅವನನ್ನು ಬೆಂಚಿನ ಮೇಲೆ ಕೂಡಿಸಿ ನೀರು ಕೊಟ್ಟ.

ಅಷ್ಟರಲ್ಲಿ ಅಂಗಡಿಯ ಬಾಜೂ ಇದ್ದ ಕಿರಾಣಿ ಅಂಗಡಿಗೆ ಫೋನು ಬಂತು; ಗಾದಿಯ ಚೀಟಿಯ ಮೇಲಿದ್ದದ್ದು ಅದೇ ನಂಬರು. ಮಾಯವ್ವ ಕೊಣ್ಣೂರಿನ ಎಸ್‌ಟಿಡಿ ಬೂತಿನಿಂದ ಮಾತಾಡುತ್ತಿದ್ದಳು. "ಸಾಬ್ರಿಗೆ ಹೇಳ್ರಿ, ಮಗಳು ಬಂದು ಮುಟ್ಯಾಳ. ಉಣ್ಣಾಕತ್ತಾಳ. ಅವ್ರು ಯಾಕ ಬರ್ಲಿಲ್ಲ?"

ಇಸ್ಮಾಯಿಲಸಾಬ ನರಗುಂದದಲ್ಲಿ ಬಸ್ಸು ಬದಲಿಸಿ ಕೊಣ್ಣೂರು ಮುಟ್ಟಿದಾಗ ಮಗಳು ಮಾಯವ್ವನ ಪಡಸಾಲೆಯಲ್ಲಿ ಕೂತು ಉಳ್ಳಾಗಡ್ಡಿ ಸಿಪ್ಪೆ ಬಿಡಿಸುತ್ತಿದ್ದಳು. ಈದಿಗೆ ಕೊಟ್ಟ ದುಡ್ಡಿನಲ್ಲಿ ತಾನೇ ಟಿಕೆಟು ತೆಗೆಸಿ, ನರಗುಂದದಲ್ಲಿ ತಾನೇ ಬಸ್ಸು ಬದಲಿಸಿ ಬಂದಿದ್ದಳು. ಅವನು ಬೈಯಬೇಕೆಂದುಕೊಂಡೇ ಒಳಗೆ ಬಂದಿದ್ದ. "ಯಾಕ ಬಂದಿ?" ಅಂದ.

"ಕರದಿದ್ರು," ಅಂದಳು ಇಷ್ರತ.

ಮಾಯವ್ವ ಅವನಿಗೂ ತಾಟು ಹಾಕಿದಳು. ಬೈಗುಳಕ್ಕೆ ಜಾಗ ಉಳಿಯಲಿಲ್ಲ. ಆದರೆ ವಾಪಸು ಬರುವಾಗ ಬಸ್ಸಿನ ಕಿಟಕಿಯ ಹತ್ತಿರ ಕೂತ ಮಗಳನ್ನು ನೋಡುತ್ತ ಅವನಿಗೆ ಒಂದು ವಿಚಾರ ಬಂತು. ಇವತ್ತು ಕರೆದವಳು ಮಾಯವ್ವ. ನಾಳೆ ಬೇರೆ ಯಾರೋ ಕರೆದರೂ ಇವಳು ಹೋಗುತ್ತಾಳೆ.

ಸಾಲಿಯ ಹೆಡ್‌ಮಾಸ್ತರು ಹೇಳಿದರು, ಮುಂದಿನ ತಿಂಗಳು ನರಗುಂದದಲ್ಲಿ ಶಿಬಿರ ಇದೆ, ಮಾತಿನ ತೊಂದರೆ ಇರುವ ಹುಡುಗರನ್ನು ನೋಡುವವರು ಬರುತ್ತಾರೆ ಎಂದು. ಇಸ್ಮಾಯಿಲಸಾಬ ಅಂಗಡಿ ಮುಚ್ಚಿ, ಮಗಳಿಗೆ ಹೊಸ ಓಢಣಿ ಹೊದಿಸಿ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಏನು ಕೇಳಿದರೆ ಏನು ಹೇಳಬೇಕು ಎಂದು ಕಲಿಸಿದ. ಅವಳು ಕೇಳಿಸಿಕೊಂಡಳು.

ಶಿಬಿರ ಒಂದು ಸಾಲಿಯ ಖೋಲಿಗಳಲ್ಲಿತ್ತು. ಒಂದು ಖೋಲಿಯಲ್ಲಿ ಕಿವಿ ಪರೀಕ್ಷೆ ಮಾಡಿ, ಕಿವಿ ಚಲೋ ಇದೆ ಅಂದರು. ಇನ್ನೊಂದರಲ್ಲಿ ಭಾಗ್ಯಾ ಎಂಬ ಹೆಣ್ಣುಮಗಳು ಕೂತಿದ್ದಳು. ರಾಜೂರದವಳು, ಮಾತು ಮತ್ತು ಭಾಷೆಯ ತೊಂದರೆ ನೋಡುವ ಓದು ಓದಿ ಧಾರವಾಡದಲ್ಲಿ ಕೆಲಸಕ್ಕಿದ್ದಳು. ಇಸ್ಮಾಯಿಲಸಾಬ ಕುರ್ಚಿಯ ಮೇಲೆ ಕೂತವನೇ ಮಗಳ ಹುಟ್ಟಿನಿಂದ ಹಿಡಿದು ಕೊಣ್ಣೂರಿನವರೆಗೆ ಹೇಳಿದ. ಭಾಗ್ಯಾ ಪೂರಾ ಕೇಳಿದಳು. ಆಮೇಲೆ ಅಂದಳು:

"ಇನ್ನ ಸ್ವಲ್ಪ ಹೊತ್ತು ನೀವು ಏನೂ ಮಾತಾಡಬಾರದ್ರಿ. ಅಕಿ ಏನೂ ಹೇಳದಿದ್ರೂ ಮಾತಾಡಬಾರದು. ಆಗ್ತೈತೇನ್ರಿ?"

"ಅದೇನ್ರಿ ಅಕ್ಕಾರ, ಅಷ್ಟೂ ಆಗೂದಿಲ್ಲೇನು? ನಾ ಅಂದ್ರ, ಒಮ್ಮಿ ಏನಾಗಿತ್ತಂದ್ರ..."

ಭಾಗ್ಯಾ ಅವನನ್ನು ನೋಡಿದಳು. ಅವನು ಬಾಯಿ ಮುಚ್ಚಿದ.

ಭಾಗ್ಯಾ ಇಷ್ರತಳ ಮುಂದೆ ಒಂದು ಬಿಳಿ ಹಾಳೆ ಇಟ್ಟು "ಇದರ ಮ್ಯಾಲ ನಿನ್ನ ಹೆಸರ ಬರಿ" ಅಂದಳು. ಪೆನ್ನು ಕೊಡಲಿಲ್ಲ. ಪೆನ್ನು ಕೇಳುತ್ತಾಳೋ ಇಲ್ಲವೋ ಎಂದು ನೋಡುವುದಿತ್ತು. ಇಷ್ರತ ಹಾಳೆ ನೋಡಿದಳು, ಟೇಬಲ್ಲು ನೋಡಿದಳು, ಸುಮ್ಮನೆ ಕೂತಳು. ಭಾಗ್ಯಾಳೂ ಸುಮ್ಮನೆ ಕೂತಳು. ಇಸ್ಮಾಯಿಲಸಾಬ ಕುರ್ಚಿಯ ತುದಿಗೆ ಸರಿದ. ಭಾಗ್ಯಾ ಮಾತಾಡಬಾರದು ಅಂದಿದ್ದಳೇ ಹೊರತು ಬೇರೇನೂ ಅಂದಿರಲಿಲ್ಲ. ಅವನು ತನ್ನ ಜೇಬಿನ ಪೆನ್ನು ತೆಗೆದು ಮಗಳ ಕೈಗೆ ಕೊಟ್ಟ. ಭಾಗ್ಯಾ ಅದನ್ನು ಇಸಿದುಕೊಂಡು ವಾಪಸು ಅವನ ಜೇಬಿಗಿಟ್ಟು, ಅವನ ಕುರ್ಚಿಯನ್ನು ಬಾಗಿಲ ಹತ್ತಿರ ಸರಿಸಿದಳು.

ಆಮೇಲೆ ಇನ್ನೊಂದು ಪ್ರಶ್ನೆಯನ್ನು ಬೇಕೆಂದೇ ಬಾಯೊಳಗೆ ಗೊಣಗಿದಳು. ಅರ್ಥವಾಗದಿದ್ದರೆ "ಏನಂದ್ರಿ?" ಎಂದು ತಿರುಗಿ ಕೇಳುವವರು ಇರುತ್ತಾರೆ. ಇಷ್ರತ ಕೇಳಲಿಲ್ಲ. ಭಾಗ್ಯಾ ಒಂದು ಚಿತ್ರ ತೋರಿಸಿದಳು, ಹುಡುಗ ಹಾಲು ಚೆಲ್ಲಿದ್ದಾನೆ, ಅವ್ವ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಾಳೆ.

"ಅವ್ವ ಏನಂದ್ಲಂದ್ರ, 'ಭಾಳ ಚಲೋ ಕೆಲಸಾ ಮಾಡಿದಿ' ಅಂದ್ಲು. ಅಕಿಗೆ ಹ್ಯಾಂಗ ಅನಸೈತಿ?"

ತುಸು ಹೊತ್ತಿನ ಮೇಲೆ ಇಷ್ರತ ಅಂದಳು, "ಖುಷಿ ಆಗೇತಿ."

"ಹಾಲು ಚೆಲ್ಲಿದ್ದಕ್ಕ?"

"ಅದ ನನಗೂ ತಿಳೀವಲ್ದು. ಆದ್ರ ಚಲೋ ಅಂದಾಳ."

ಬಾಗಿಲ ಹತ್ತಿರ ಇಸ್ಮಾಯಿಲಸಾಬ ಎರಡೂ ಕೈ ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದ. ಮನೆಯಲ್ಲಿ ತಾನು ಇದೇ ಮಾತನ್ನು ಮಗಳಿಗೆ ಎಷ್ಟು ಸಲ ಅಂದಿದ್ದೇನೆ ಎಂದು ಅವನಿಗೆ ನೆನಪಾಗತೊಡಗಿತು.

ಭಾಗ್ಯಾ ಹಾಳೆಗಳನ್ನು ಬದಿಗಿಟ್ಟು ಕೇಳಿದಳು, "ನಿನಗ ಗೆಳತ್ಯಾರು ಯಾರದಾರ?"

ಈ ಪ್ರಶ್ನೆಗೆ ಉತ್ತರ ಇಸ್ಮಾಯಿಲಸಾಬನ ನಾಲಿಗೆಯ ತುದಿಯಲ್ಲಿತ್ತು. ಯಾರೂ ಇಲ್ಲ. ಸಾಲಿಯಲ್ಲಿ ಕೇಳಿದಾಗ, ನೆಂಟರು ಕೇಳಿದಾಗ, ಯಾವಾಗಲೂ ಅವನು ಹೇಳಿದ್ದು ಅದನ್ನೇ. ಈಗ ಹೇಳುವಂತಿರಲಿಲ್ಲ. ಹೊರಗೆ ಟಂಟಂ ಒಂದು ಬಂದು ನಿಂತು, ಜನ ಇಳಿದು, ಬಾಡಿಗೆಯ ತಕರಾರು ಮಾಡಿ ಹೋದರು. ಇಷ್ರತ ಟೇಬಲ್ಲಿನ ಅಂಚು ನೋಡುತ್ತಿದ್ದಳು.

"ಮಾಯವ್ವ," ಅಂದಳು.

ಭಾಗ್ಯಾ ಮತ್ತೆ ಸುಮ್ಮನಿದ್ದಳು. ಮಾತು ಇನ್ನೂ ಉಳಿದಿತ್ತು.

"ನಾ ಹೋಗೂ ತನಕ ಅಕಿ ಒಲಿ ಹಚ್ಚಿರ್ಲಿಲ್ಲ. ನಾ ಮುಟ್ಟಿದ ಮ್ಯಾಲ ಬಿಸಿ ರೊಟ್ಟಿ ಬಡದ್ಲು. ನಾ ಬಸ್ಸಿಂದು ಹೇಳಿದೆ. ಪೂರಾ ಹೇಳಿದೆ. ಅಕಿ ರೊಟ್ಟಿ ಬಡೀತಿದ್ಲು, ನಡುವ ಮಾತಾಡಲಿಲ್ಲ."

ಇಸ್ಮಾಯಿಲಸಾಬ ತೊಡೆಯ ಕೆಳಗಿಂದ ಕೈ ತೆಗೆದು ಮುಖ ಒರೆಸಿಕೊಂಡ. ಮಗಳ ಬಾಯಿಂದ ಒಂದೇ ಸಲಕ್ಕೆ ಅಷ್ಟು ಮಾತು ಅವನು ಕೇಳಿರಲಿಲ್ಲ.

ಪರೀಕ್ಷೆ ಮುಗಿದ ಮೇಲೆ ಭಾಗ್ಯಾ ಅವನನ್ನು ಹತ್ತಿರ ಕೂಡಿಸಿಕೊಂಡು ಹೇಳಿದಳು. ಹುಡುಗಿಯ ಬುದ್ಧಿಗೆ ಏನೂ ಆಗಿಲ್ಲ, ಶಬ್ದಗಳಿಗೆ ಬರ ಇಲ್ಲ. ಆ ಶಬ್ದಗಳನ್ನು ನಾಲ್ಕು ಜನರ ನಡುವೆ ಬಳಸುವ ರೀತಿ ಅವಳಿಗೆ ತಾನಾಗಿ ತಿಳಿಯುವುದಿಲ್ಲ. ಸುತ್ತು ಹಾಕಿ ಹೇಳಿದ್ದು, ಉಲ್ಟಾ ಹೇಳಿದ್ದು, ಯಾವಾಗ ಶುರು ಮಾಡಬೇಕು, ಯಾವಾಗ ಬಿಡಬೇಕು, ಇವನ್ನೆಲ್ಲ ಬಾಯಿಬಿಟ್ಟು ಕಲಿಸಬೇಕು. ಸೊಕ್ಕಲ್ಲ, ಗಾಳಿ ಸೋಂಕಲ್ಲ. ಗುಳಿಗೆಯೂ ಇಲ್ಲ.

"ಇನ್ನೊಂದು ಮಾತ್ರಿ," ಅಂದಳು. "ಅಕಿಗೆ ಉತ್ತರ ಜೋಡಿಸಾಕ ಹೊತ್ತು ಹಿಡಿತೈತಿ. ಅಷ್ಟರಾಗ ನೀವು ಅಕಿ ಪಾಲಿನ ಮಾತೂ ಆಡಿ ಮುಗಿಸ್ತೀರಿ."

ಇಸ್ಮಾಯಿಲಸಾಬ ಜೇಬಿನ ಪೆನ್ನು ಸರಿ ಮಾಡಿಕೊಂಡ. "ಅದಕ್ಕೇನರ ಗುಳಿಗಿ ಐತೇನ್ರಿ?"

"ಅದಕ್ಕೂ ಇಲ್ರಿ," ಅಂದಳು ಭಾಗ್ಯಾ.

ಮನೆಗೆ ಬಂದು ಹಸನಬಿಗೆ ಎಲ್ಲ ಹೇಳಿದ. ಹಸನಬಿ "ಇದನ್ನ ತಿಳ್ಕೊಳ್ಳಾಕ ನರಗುಂದಕ್ಕ ಹೋಗಬೇಕಾಗಿತ್ತೇನು? ನನ್ನ ಪಾಲಿಂದೂ ನೀವ ಆಡ್ತೀರಿ" ಅಂದಳು. ಅವನಿಗೆ ಅದಕ್ಕೆ ಉತ್ತರ ಇತ್ತು, ಆದರೆ ಕೊಡಲಿಲ್ಲ.

ಸುಮ್ಮನಿರುವುದು ಅವನು ಅಂದುಕೊಂಡಷ್ಟು ಸಲೀಸಾಗಿರಲಿಲ್ಲ. ನಾಲಿಗೆ ತಾನಾಗಿ ಏಳುತ್ತಿತ್ತು. ಕೊನೆಗೆ ಗಾದಿ ಹೊಲಿಯುವ ದಬ್ಬಣವನ್ನು ತುಟಿಗಳ ನಡುವೆ ಹಿಡಿದುಕೊಳ್ಳುವ ರೂಢಿ ಮಾಡಿಕೊಂಡ. ಮಗಳು ಮಾತಾಡಬೇಕಾದಾಗ ದಬ್ಬಣ ಬಾಯಿಗೆ ಹೋಗುತ್ತಿತ್ತು. ಗಿರಾಕಿಗಳು ಅವನಿಗೆ ಹಲ್ಲು ನೋವು ಎಂದು ತಿಳಿದರು. ಲವಂಗ ಇಟ್ಟುಕೋ ಎಂದು ಸಲಹೆಯನ್ನೂ ಕೊಟ್ಟರು.

ಸಂಜೆ ಅಂಗಡಿಯ ಬಾಗಿಲು ಹಾಕಿದ ಮೇಲೆ ಅಪ್ಪ ಮಗಳು ಕೂತು ಮಾತುಗಳನ್ನು ಬಿಡಿಸುತ್ತಿದ್ದರು. ಯಾರಾದರೂ "ಬಾ, ಮಹಾರಾಯ" ಅಂದರೆ ತಡವಾಗಿ ಬಂದದ್ದಕ್ಕೆ ಸಿಟ್ಟು. "ನೋಡೋಣ" ಅಂದರೆ ಬಹಳ ಮಾಡಿ ಆಗುವುದಿಲ್ಲ. ಗಿರಾಕಿ "ಒಂದು ಸುತ್ತು ಹೋಗಿ ಬರ್ತೀನಿ" ಅಂದರೆ ಬೇರೆ ಅಂಗಡಿಗೆ ಹೋಗುತ್ತಾನೆ, ಬರುವುದಿಲ್ಲ. ಯಾರಾದರೂ ಊರಿಗೆ ಕರೆದರೆ ಮೊದಲು ಮನೆಯಲ್ಲಿ ಹೇಳಬೇಕು, ಹೇಳದೆ ಬಸ್ಸು ಹತ್ತಬಾರದು. ಇದನ್ನು ಅವಳು ಒಂದೇ ಸಲಕ್ಕೆ ಒಪ್ಪಿಕೊಂಡಳು. ಉಳಿದವಕ್ಕೆ ಪ್ರಶ್ನೆಗಳಿದ್ದವು.

"ಸಿಟ್ಟಿದ್ರ ಸಿಟ್ಟೈತಿ ಅಂತ ಯಾಕ ಹೇಳೂದಿಲ್ಲ?"

ಇಸ್ಮಾಯಿಲಸಾಬ ಎಷ್ಟೋ ವರ್ಷ ವ್ಯಾಪಾರ ಮಾಡಿದವನು. "ಹಂಗ ರೂಢಿ ಐತಿ" ಅಂದ.

ಒಂದು ದಿನ ಸವಡಿಯ ಕಳಕಪ್ಪ ಬಂದ. ಅವನು ಹೇಳಿದ್ದ ಗಾದಿ ಹೇಳಿದ ದಿನಕ್ಕೆ ಆಗಿರಲಿಲ್ಲ, ಕರೆಂಟಿಲ್ಲದೆ ಮಶೀನು ನಿಂತಿತ್ತು. ಕಳಕಪ್ಪ ಅಂಗಡಿಯ ಕಟ್ಟೆಗೆ ಒಂದು ಕಾಲು ಕೊಟ್ಟು ನಿಂತು, "ಭಾಳ ಲಗೂ ಮಾಡೀರಿ ಬಿಡ್ರಿ, ಮೊಮ್ಮಗನ ಮದುವಿಗೆ ಆಗ್ತೈತಿ" ಅಂದ. ಅವನ ಮಗನ ಮದುವೆಯೇ ಇನ್ನೂ ಆಗಿರಲಿಲ್ಲ.

ಇಸ್ಮಾಯಿಲಸಾಬ ದಬ್ಬಣ ಬಾಯಿಗಿಟ್ಟುಕೊಂಡ. ಇಷ್ರತ ಕಳಕಪ್ಪನ ಕಾಲಿನ ಕಡೆ ನೋಡುತ್ತ ನಿಂತಳು. ಆಮೇಲೆ ಕೇಳಿದಳು:

"ಕಾಕಾ, ಇದನ್ನ ಸೀದಾ ಹೇಳಿದ್ರೋ, ಉಲ್ಟಾ ಹೇಳಿದ್ರೋ?"

ಕಳಕಪ್ಪನಿಗೆ ಹೀಗೆ ಯಾರೂ ಕೇಳಿರಲಿಲ್ಲ. "ಉಲ್ಟಾ ಹೇಳಿದೆವಾ," ಅಂದ.

"ಹಂಗಾರ ತಡಾ ಆಗೇತಿ ಅಂತ ಸಿಟ್ಟ ಬಂದೈತಿ."

"ಹೌದು, ಬಂದೈತಿ."

"ನಾಳಿ ಸಂಜಿಕ ಕೊಡ್ತೀವಿ. ಇದು ಸೀದಾ."

ಕಳಕಪ್ಪ ಕಟ್ಟೆಯಿಂದ ಕಾಲು ಇಳಿಸಿದ. ಬೈಯಲು ತಯಾರು ಮಾಡಿಕೊಂಡು ಬಂದದ್ದು ಇನ್ನೂ ಬಹಳ ಇತ್ತು, ಆದರೆ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಒಂದು ಚಹಾ ಕುಡಿದು ಹೋದ.

ಎಲ್ಲವೂ ಹೀಗೆ ದಡ ಮುಟ್ಟಲಿಲ್ಲ. ದೊಡ್ಡ ಮನೆತನದ ಹೆಂಗಸೊಬ್ಬಳು ಗಾದಿಯ ಅಗಲ ಹೇಳುವಾಗ ನಗುತ್ತ "ನಾ ಭಾಳ ದಪ್ಪ ಆಗೀನೇನವಾ?" ಎಂದು ಕೇಳಿದಳು. ಇಷ್ರತ ಹೌದು ಅಂದಳು. ಆ ಮನೆಯವರು ಮುಂದೆ ತಮ್ಮ ಗಾದಿಗಳನ್ನು ಗದಗಿನಲ್ಲಿ ಮಾಡಿಸಿಕೊಂಡರು. ಆ ಸಂಜೆ ಇಸ್ಮಾಯಿಲಸಾಬ ಉಲ್ಟಾ ಮಾತಿನ ಜೊತೆಗೆ, ಉತ್ತರ ಬೇಡದ ಪ್ರಶ್ನೆಗಳೂ ಇರುತ್ತವೆ ಎಂದು ಹೇಳಿಕೊಟ್ಟ. ಇಷ್ರತ ಕೇಳಿ ದಣಿದಳು. "ಅಬ್ಬಾ, ಇದು ಭಾಳ ಆತು" ಎಂದು ಎದ್ದು ಹೋಗಿ ಮಲಗಿದಳು.

ಎರಡು ವರ್ಷದ ಮೇಲೆ ಭಾಗ್ಯಾ ರೋಣಕ್ಕೇ ಬಂದು ಮತ್ತೆ ಪರೀಕ್ಷೆ ಮಾಡಿದಳು. ಮೊದಲಿನಂತೆಯೇ ಹಾಳೆ ಇಟ್ಟು ಹೆಸರು ಬರಿ ಅಂದಳು.

"ಪೆನ್ನು ಕೊಡ್ರಿ ಅಕ್ಕಾರ," ಅಂದಳು ಇಷ್ರತ. "ಹೋದ ಸಲಾನೂ ಮರತಿದ್ರಿ."

ಭಾಗ್ಯಾ ಪೆನ್ನು ಕೊಟ್ಟು ಏನೋ ಗುರುತು ಹಾಕಿಕೊಂಡಳು. ಗೊಣಗಿದಾಗ ಇಷ್ರತ "ತಿಳೀಲಿಲ್ರಿ, ಇನ್ನೊಮ್ಮಿ ಹೇಳ್ರಿ" ಅಂದಳು. ಹಾಲಿನ ಚಿತ್ರದ ಅವ್ವನಿಗೆ ಸಿಟ್ಟು ಬಂದಿದೆ ಎಂದು ಈಗ ಗೊತ್ತಾಯಿತು. ನಗಿಸಲು ಆಡುವ ಚಾಷ್ಟಿ ಮಾತು ಮೊದಲಿನಷ್ಟೇ ಕಷ್ಟವಾಗಿತ್ತು. ಮುಖ ನೋಡಿ ಮಾತಾಡುವುದು ಬಂದಿರಲಿಲ್ಲ. ಇಸ್ಮಾಯಿಲಸಾಬ ಅದನ್ನೂ ಕಲಿಸಬೇಕೇ ಎಂದು ಕೇಳಿದ.

"ಮುಖಾ ನೋಡಿದ್ರ ಅಕಿಗೆ ಮಾತು ತಪ್ತಾವ್ರಿ. ಮಾತು ಬೇಕೋ, ಮುಖಾ ನೋಡೂದು ಬೇಕೋ?" ಅಂದಳು ಭಾಗ್ಯಾ.

"ಮಾತು ಸಾಕ್ರಿ," ಅಂದ ಅವನು.

ಇಷ್ರತ ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ ಬಿದ್ದಳು, ಮತ್ತೆ ಕಟ್ಟಿ ಪಾಸಾದಳು. ಆಮೇಲೆ ಅಂಗಡಿಯಲ್ಲಿ ಗಾದಿ, ದಿಂಬುಗಳಿಗೆ ಹಾಕುವ ಗಲೀಫು ಹೊಲಿಯಲು ಕೂತಳು. ವ್ಯವಹಾರ ಕುದುರಿಸುವುದು ಅಪ್ಪನದು, ಅಳತೆ ಮತ್ತು ಹತ್ತಿಯ ವಿಷಯ ಮಗಳದು. ತಿಂಗಳಿಗೊಮ್ಮೆ ಸೋಮವಾರ, ಮನೆಯಲ್ಲಿ ಹೇಳಿ, ಕೊಣ್ಣೂರಿಗೆ ಹೋಗಿ ಬರುತ್ತಿದ್ದಳು. ಹೊಳೆ ತುಂಬಿ ಸೇತುವೆ ಮುಳುಗಿದಾಗ ಮಾತ್ರ ತಪ್ಪುತ್ತಿತ್ತು. ಆ ದಿನ ಅವಳ ಮುಖ ನೋಡಿ ಹಸನಬಿ ಹೊರಗಿನ ಯಾವ ಕೆಲಸವನ್ನೂ ಹೇಳುತ್ತಿರಲಿಲ್ಲ.

ಹತ್ತೊಂಬತ್ತು ತುಂಬಿದಾಗ ಗಜೇಂದ್ರಗಡದಿಂದ ಹೆಣ್ಣು ನೋಡಲು ಬಂದರು. ಹುಡುಗ ಆರಿಫ, ಸೀರೆ ವ್ಯಾಪಾರದ ಮನೆಯವನು, ಕೈಯಲ್ಲಿ ಹೊಸ ಮೊಬೈಲು. ಜೊತೆಗೆ ತಾಯಿ. ಇಸ್ಮಾಯಿಲಸಾಬನಿಗೆ ಮನೆತನ ಬಹಳ ಹಿಡಿಸಿತ್ತು. ಮಗಳ ವಿಷಯವನ್ನು ಮೊದಲೇ ಇದ್ದದ್ದಿದ್ದ ಹಾಗೆ ಹೇಳಿದ್ದ. "ಕಡಿಮಿ ಮಾತಿನ ಸೊಸಿ ಸಿಕ್ರ ನಮಗ ಪುಣ್ಯ" ಎಂದು ತಾಯಿ ಅಂದಿದ್ದಳು.

ಉಪ್ಪಿಟ್ಟು, ಚಹಾ ಆಯಿತು. ಹುಡುಗ ಹುಡುಗಿ ಮಾತಾಡಲಿ ಎಂದರು. ಹಿರಿಯರು ಅಲ್ಲೇ ತುಸು ದೂರ ಸರಿದು ಕೂತರು. ಆರಿಫ ಕೇಳಿದ:

"ಅಡಗಿ ಮಾಡಾಕ ಬರ್ತೈತೇನು?" ಉತ್ತರ ಬರುವ ಮೊದಲೇ, "ಬರದಿದ್ರೂ ನಡೀತೈತಿ, ನಮ್ಮವ್ವ ಕಲಸ್ತಾಳ" ಅಂದ. "ಎಲ್ಲಿ ತನಕ ಕಲ್ತೀರಿ? ಹತ್ತನೇತ್ತಾ ಅಲ್ಲಾ? ಗೊತ್ತೈತಿ. ಅಂಗಡ್ಯಾಗ ಕೂಡ್ತೀರಂತ. ಲಗ್ನ ಆದ ಮ್ಯಾಲ ಅದೇನು ಬೇಕಾಗೂದಿಲ್ಲ." ಇಷ್ರತ ಒಂದು ಸಲ ಬಾಯಿ ತೆರೆದಳು. ಅಷ್ಟರಲ್ಲಿ ಅವನ ಮೊಬೈಲು ರಿಂಗಾಯಿತು. ಅವನು ಮಾತಾಡುತ್ತ ಎದ್ದು ಹೋದ. ಇಸ್ಮಾಯಿಲಸಾಬ ದೂರದಿಂದ ನೋಡುತ್ತಿದ್ದ. ಹುಡುಗ ಮಾತುಗಾರ, ಚುರುಕು, ಮೊದಲು ತಾನಿದ್ದಂತೆಯೇ ಇದ್ದಾನೆ ಅನ್ನಿಸಿತು. ಅದು ಅವನಿಗೆ ಹಿತವಾಗಲಿಲ್ಲ.

ಹುಡುಗನ ತಾಯಿ ಇಷ್ರತಳ ಗಲ್ಲ ಹಿಡಿದು ಕೇಳಿದಳು, "ಏನವಾ, ನಮ್ಮ ಹುಡುಗ ಪಸಂದ ಆದ್ನೇನು?"

ಇಂಥ ಪ್ರಶ್ನೆಗೆ ಹುಡುಗಿಯರು ತಲೆ ತಗ್ಗಿಸುತ್ತಾರೆ. ಇಷ್ರತಳೂ ತಗ್ಗಿಸಿದಳು. ತಾಯಿ ನಕ್ಕು ಹಸನಬಿಯ ಕಡೆ ತಿರುಗಿದಳು. ಇಸ್ಮಾಯಿಲಸಾಬ "ತಡೀರಿ" ಅಂದ. "ಅಕಿ ಇನ್ನ ಹೇಳಿಲ್ಲ."

ಎಲ್ಲರೂ ಕಾದರು. ಹಸನಬಿ ಸೆರಗಿನ ತುದಿ ಸುತ್ತತೊಡಗಿದಳು. ಆರಿಫ ಫೋನು ಮುಗಿಸಿ ಬಂದು, ಯಾಕೆ ಎಲ್ಲರೂ ಸುಮ್ಮನೆ ಕೂತಿದ್ದಾರೆ ಎಂದು ನೋಡಿದ.

"ನೀವು ಕೇಳಿದ್ದು ಉತ್ತರ ಬೇಡದ ಪ್ರಶ್ನಿ ಇರಬೇಕು," ಅಂದಳು ಇಷ್ರತ, ಚಾಪೆ ನೋಡುತ್ತ. "ಆದ್ರ ಇದಕ್ಕ ನಾ ಉತ್ತರಾ ಕೊಡಬೇಕು. ನಾ ಒಲ್ಲೆ. ಅವ್ರು ಕೆಟ್ಟವ್ರಲ್ಲ. ಅವ್ರು ಕೇಳಿದ್ದಕ್ಕೆಲ್ಲಾ ತಾವ ಉತ್ತರಾ ಹೇಳ್ಕೊಂಡ್ರು. ನಾ ಅವ್ರ ಮನ್ಯಾಗಿದ್ರ ನನಗ ಏನೂ ಹೇಳಾಕ ಆಗೂದಿಲ್ಲ. ನನಗ ಅಡಗಿ ಬರ್ತೈತಿ. ಅಂಗಡಿ ನಾ ಬಿಡೂದಿಲ್ಲ. ಉಪ್ಪಿಟ್ಟು ಇನ್ನೂ ಐತಿ, ಹಾಕ್ಲೇನ್ರಿ?"

ಉಪ್ಪಿಟ್ಟು ಯಾರಿಗೂ ಬೇಕಾಗಿರಲಿಲ್ಲ. ಬಂದವರು ಎದ್ದರು. ಆರಿಫನ ತಾಯಿ ಬಾಗಿಲಲ್ಲಿ ನಿಂತು ಇಸ್ಮಾಯಿಲಸಾಬನಿಗೆ "ಚಲೋ ಬೆಳಸೀರಿ ಸಾಬ್ರ, ಮಗಳನ್ನ" ಅಂದಳು. ಅದು ಉಲ್ಟಾ ಮಾತು ಎಂದು ಇಷ್ರತಳಿಗೂ ಗೊತ್ತಾಯಿತು. ಇಸ್ಮಾಯಿಲಸಾಬ ಅದನ್ನು ಸೀದಾ ತೆಗೆದುಕೊಂಡು "ಹೌದ್ರಿ" ಅಂದ.

ಹಸನಬಿ ಸ್ವಲ್ಪ ಅತ್ತಳು. ಇಂಥ ಮನೆತನ ಇನ್ನೊಮ್ಮೆ ಬರುತ್ತದೆಯೇ ಅಂದಳು. ಇಸ್ಮಾಯಿಲಸಾಬನಿಗೂ ಆ ಹೆದರಿಕೆ ಇತ್ತು. ಅವನು ಅಂದು ಉಣ್ಣಲಿಲ್ಲ. ಮಗಳು ಉಂಡಳು.

ಮುಂದಿನ ವಾರ ಹತ್ತಿ ತರಲು ಗಜೇಂದ್ರಗಡಕ್ಕೆ ಹೋದಾಗ ಪರಿಚಯದ ನಬೀಸಾಬ ಚಹಾದಂಗಡಿಯಲ್ಲಿ ಸಿಕ್ಕ. ಸುತ್ತು ಹಾಕಿ ಹಾಕಿ ಕಡೆಗೆ ವಿಷಯಕ್ಕೆ ಬಂದ. "ನಿಮ್ಮ ಮಗಳ ಸುದ್ದಿ ಊರ ತುಂಬ ಆಗೇತ್ರಿ. ಹುಡುಗಿ ಭಾಳ ಮಾತಾಡ್ತಾಳ, ನಮಗ ನಡಿಯೂದಿಲ್ಲ ಅಂತ ಆ ಮನಿಯಾವ್ರು ಹೇಳ್ಕೋತ ತಿರಗ್ತಾರ."

ಇಸ್ಮಾಯಿಲಸಾಬ ಚಹಾದ ಲೋಟ ಕೆಳಗಿಟ್ಟ. "ಇನ್ನೊಮ್ಮಿ ಹೇಳ್ರಿ," ಅಂದ.

ನಬೀಸಾಬ ಇನ್ನೊಮ್ಮೆ ಹೇಳಿದ. ಇಸ್ಮಾಯಿಲಸಾಬ ಅವನ ಚಹಾದ ದುಡ್ಡನ್ನೂ ತಾನೇ ಕೊಟ್ಟು, ಹತ್ತಿಯ ಅಂಡಿಗೆ ಟೆಂಪೋಕ್ಕೆ ಹೇರಿಸಿ, ಡ್ರೈವರನ ಪಕ್ಕದಲ್ಲಿ ಕೂತು ರೋಣಕ್ಕೆ ಹೊರಟ. ದಾರಿಯಲ್ಲಿ ಡ್ರೈವರ ತನ್ನ ಎತ್ತಿನ ಕಾಲು ಮುರಿದದ್ದು, ಅಳಿಯ ಜಗಳಾಡಿದ್ದು ಎಲ್ಲ ಹೇಳಿದ. ಇಸ್ಮಾಯಿಲಸಾಬ ಊರು ಮುಟ್ಟುವ ತನಕ ಕೇಳಿದ.